ಲಕ್ಷಕ್ಕೆ ಕೊಂಡ ನಾಯಿ, ಐವತ್ತು ರೂಪಾಯಿ ದಂಡ

ಬೆಂಗಳೂರು: 2025ರ ಮೊದಲ ತಿಂಗಳುಗಳಲ್ಲಿ ಈ ನಗರದ ಒಂದು ನಾಯಿ ದೇಶ ವಿದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ತೋಳ ಹಾಗೂ ಕಕೇಶಿಯನ್ ಶೆಫರ್ಡ್ ತಳಿಗಳ ಮಿಶ್ರಣ ಎನ್ನಲಾದ ಆ 'ವುಲ್ಫ್‌ಡಾಗ್' ಮರಿಗೆ 50 ಕೋಟಿ ರೂಪಾಯಿ ತೆತ್ತಿರುವುದಾಗಿ ನಗರದ ಶ್ವಾನ ಸಾಕಣೆದಾರರೊಬ್ಬರು ಹೇಳಿಕೊಂಡಿದ್ದರು. ಇಷ್ಟು ಹಣ ಹೊರದೇಶಕ್ಕೆ ಹೋದದ್ದು ಹೇಗೆ ಎಂದು ತಿಳಿಯಲು ಜಾರಿ ನಿರ್ದೇಶನಾಲಯದ ಅಧಿಕಾರಿಗಳು ಏಪ್ರಿಲ್‌ನಲ್ಲಿ ಅವರ ಮನೆ ಬಾಗಿಲು ತಟ್ಟಿದರು. 50 ಕೋಟಿಯ ಮಾತಿಗೆ ಆಧಾರವೇ ಇಲ್ಲ, ಅದು ಸುಳ್ಳು ಎಂಬಂತೆ ಕಾಣುತ್ತಿದೆ ಎಂಬ ವರದಿಗಳು ಆಗ ಬಂದವು.

ಅದೇ ವರ್ಷದ ಜುಲೈನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಮತ್ತೊಂದು ಲೆಕ್ಕ ಸುದ್ದಿಯಾಯಿತು. ಬೀದಿನಾಯಿಗಳಿಗೆ ಕೋಳಿಮಾಂಸ ಬೆರೆಸಿದ ಅನ್ನ ನೀಡುವ ಪ್ರಸ್ತಾಪಕ್ಕೆ ಅದು ವರ್ಷಕ್ಕೆ 2.88 ಕೋಟಿ ರೂಪಾಯಿ ಅಂದಾಜು ಮಾಡಿತ್ತು. ನಾಯಿಯೊಂದಕ್ಕೆ ದಿನಕ್ಕೆ 22 ರೂಪಾಯಿ 42 ಪೈಸೆ. ಇಷ್ಟಕ್ಕೇ 'ತೆರಿಗೆದಾರರ ಹಣ ಬೀದಿನಾಯಿಗಳ ಪಾಲು' ಎಂಬ ಟೀಕೆ ಎಲ್ಲೆಡೆಯಿಂದ ಕೇಳಿಬಂತು.

ಒಂದೇ ನಗರ, ಒಂದೇ ವರ್ಷ, ಒಂದೇ ಜಾತಿಯ ಪ್ರಾಣಿ. ಒಂದರ ಬೆಲೆಯನ್ನು ಕೇಳಿ ಜನ ಬೆರಗಾದರು, ಇನ್ನೊಂದರ ಊಟದ ಖರ್ಚನ್ನು ಕೇಳಿ ಸಿಟ್ಟಾದರು. ಎರಡರಲ್ಲೂ ನಾಯಿಯ ನಿಜವಾದ ವೆಚ್ಚವೆಷ್ಟು ಮತ್ತು ಅದನ್ನು ತೆರುವವರು ಯಾರು ಎಂಬ ಪ್ರಶ್ನೆ ಹಿಂದೆ ಸರಿಯಿತು. ದುಬಾರಿ ತಳಿಯ ಮರಿಯನ್ನು ಕೊಳ್ಳಬೇಕೆ ಅಥವಾ ಆಶ್ರಯಧಾಮದ ನಾಯಿಯನ್ನು ದತ್ತು ಪಡೆಯಬೇಕೆ ಎಂಬ ಚರ್ಚೆ ನಗರಗಳ ಮಧ್ಯಮ ವರ್ಗದ ಮನೆಗಳಲ್ಲಿ ಇಂದು ಸಾಮಾನ್ಯ. ಆ ಚರ್ಚೆಗೂ ಮೊದಲು ಬೇಕಾದದ್ದು ಈ ಪ್ರಶ್ನೆಗೆ ಉತ್ತರ.

ಬೆಲೆ ಬರೀ ಮೊದಲ ಕಂತು

ತಳಿ ನಾಯಿಯ ಮಾರುಕಟ್ಟೆಗೆ ನಿಗದಿತ ದರಪಟ್ಟಿಯಿಲ್ಲ. ಸಾಮಾನ್ಯ ಲ್ಯಾಬ್ರಡಾರ್ ಮರಿ ಹತ್ತಾರು ಸಾವಿರ ರೂಪಾಯಿಗೆ ಸಿಕ್ಕರೆ, ಅಪರೂಪದ ತಳಿಗಳ ಬೆಲೆ ಲಕ್ಷಗಳಿಗೆ ಏರುತ್ತದೆ. ಚೆನ್ನೈನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ ಇದ್ದರೆ ಒಂದು ದರ, ಇಲ್ಲದಿದ್ದರೆ ಇನ್ನೊಂದು ದರ. ವ್ಯಾಪಾರಿಗಳ ಭಾಷೆಯಲ್ಲಿ 'ಪೇಪರ್ ಇರುವ ಮರಿ' ಮತ್ತು 'ಪೇಪರ್ ಇಲ್ಲದ ಮರಿ'. ಆದರೆ ಆ ಪತ್ರ ಹೇಳುವುದು ಮರಿಯ ವಂಶಾವಳಿಯನ್ನು. ಅದರ ಆರೋಗ್ಯಕ್ಕೆ ಅದು ಜಾಮೀನಲ್ಲ ಎಂಬುದನ್ನು ಬಹಳಷ್ಟು ಖರೀದಿದಾರರು ಗಮನಿಸುವುದಿಲ್ಲ.

ಒಂದು ಸರಳ ಲೆಕ್ಕ ನೋಡಬಹುದು. 25 ಸಾವಿರ ರೂಪಾಯಿಗೆ ಮರಿಯೊಂದನ್ನು ತಂದ ಕುಟುಂಬ ಅದರ ಆಹಾರ, ವಾರ್ಷಿಕ ಲಸಿಕೆ, ಜಂತುಹುಳು ನಿವಾರಣೆ, ಉಣ್ಣಿ ಔಷಧಿ ಎಲ್ಲ ಸೇರಿಸಿ ತಿಂಗಳಿಗೆ 3,000 ರೂಪಾಯಿ ಖರ್ಚು ಮಾಡುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ 36 ಸಾವಿರ. ಹನ್ನೆರಡು ವರ್ಷದ ಬಾಳುವೆಗೆ 4 ಲಕ್ಷ 32 ಸಾವಿರ. ಈ ಒಟ್ಟು ವೆಚ್ಚದಲ್ಲಿ ಮರಿಯ ಬೆಲೆಯ ಪಾಲು ನೂರಕ್ಕೆ ಆರರಷ್ಟೂ ಆಗುವುದಿಲ್ಲ. ಶಸ್ತ್ರಚಿಕಿತ್ಸೆ, ಅಪಘಾತ, ಮುಪ್ಪಿನ ಕಾಯಿಲೆ, ಊರಿಗೆ ಹೋಗುವಾಗ ನಾಯಿಯನ್ನು ಬಿಡುವ ತಂಗುದಾಣದ ಬಾಡಿಗೆ ಇವಾವುವೂ ಈ ಲೆಕ್ಕದಲ್ಲಿ ಸೇರಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಬೀದಿಯಿಂದ ಬಂದ ನಾಯಿಗೂ ಈ ಲೆಕ್ಕ ತಪ್ಪಿದ್ದಲ್ಲ. ಪಾಲಿಕೆ ಅಂದಾಜಿಸಿದ 22 ರೂಪಾಯಿ 42 ಪೈಸೆಯನ್ನೇ ಆಧಾರವಾಗಿ ಹಿಡಿದರೂ ವರ್ಷಕ್ಕೆ 8,183 ರೂಪಾಯಿ, ಹನ್ನೆರಡು ವರ್ಷಕ್ಕೆ 98 ಸಾವಿರ ರೂಪಾಯಿ ದಾಟುತ್ತದೆ. ಅದು ನೂರಾರು ನಾಯಿಗಳಿಗೆ ಒಟ್ಟಾಗಿ ಅಡುಗೆ ಮಾಡುವಾಗಿನ ದರ. ಮನೆಯಲ್ಲಿ ಒಂದು ನಾಯಿಗೆ ತಗಲುವ ಖರ್ಚು ಅದಕ್ಕಿಂತ ಹೆಚ್ಚು. 'ದತ್ತು ತೆಗೆದುಕೊಂಡರೆ ಖರ್ಚಿಲ್ಲ' ಎಂಬ ಪ್ರಚಾರ ಆದ್ದರಿಂದ ಪೂರ್ಣ ಸತ್ಯವಲ್ಲ. ದತ್ತು ಪಡೆದಾಗ ಉಳಿಯುವುದು ಮೊದಲ ಕಂತು ಮಾತ್ರ. ಉಳಿದ ಕಂತುಗಳು ಎರಡೂ ಬಗೆಯ ಮನೆಗಳಲ್ಲಿ ತೆರಲೇಬೇಕಾದವು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮೊದಲನೆಯದಾಗಿ, ದೇಹದ ಗಾತ್ರದಲ್ಲಿ. 30 ಕಿಲೋ ತೂಗುವ ನಾಯಿಗೆ 15 ಕಿಲೋ ತೂಗುವ ನಾಯಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಆಹಾರ ಬೇಕು. ಔಷಧಿಯ ಪ್ರಮಾಣವೂ ತೂಕದ ಮೇಲೆ ನಿಂತಿದೆ. ಬೃಹತ್ ಗಾತ್ರದ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ಗಳ ಆಯುಷ್ಯ ಸಣ್ಣ ನಾಯಿಗಳ ಆಯುಷ್ಯಕ್ಕಿಂತ ಕಡಿಮೆ ಎಂಬುದೂ ಗಮನಾರ್ಹ. ಎರಡನೆಯದಾಗಿ, ಮತ್ತು ಮುಖ್ಯವಾಗಿ, ತಳಿಯ ಜತೆಗೇ ಬರುವ ಕಾಯಿಲೆಗಳಲ್ಲಿ.

ಅಂದ ತಂದ ಕಾಯಿಲೆ

2003ರಲ್ಲಿ ಹಚ್ ದೂರವಾಣಿ ಕಂಪೆನಿಯ ಜಾಹೀರಾತೊಂದು ದೂರದರ್ಶನದಲ್ಲಿ ಬಂತು. ಪುಟ್ಟ ಹುಡುಗನೊಬ್ಬ ಹೋದಲ್ಲೆಲ್ಲ ಬೆನ್ನು ಬಿಡದೆ ನಡೆಯುವ ಪಗ್ ನಾಯಿ ಮನೆಮಾತಾಯಿತು. ಮುಂದೆ ಕಂಪೆನಿ ವೊಡಾಫೋನ್ ಹೆಸರು ಪಡೆದರೂ ನಾಯಿ ಉಳಿಯಿತು. ಅದುವರೆಗೆ ಹೆಚ್ಚು ಜನರಿಗೆ ಹೆಸರೂ ತಿಳಿದಿರದ ತಳಿಗೆ ನಗರಗಳಲ್ಲಿ ಬೇಡಿಕೆ ಹುಟ್ಟಿತು. 'ಹಚ್ ನಾಯಿ' ಎಂದು ಕೇಳಿ ಪಡೆಯುವ ಮಟ್ಟಿಗೆ ಅದು ಬೆಳೆಯಿತು.

ಜಾಹೀರಾತಿನಲ್ಲಿ ಕಾಣದಿದ್ದುದು ಪಗ್‌ನ ಉಸಿರಾಟ. ಚಪ್ಪಟೆ ಮುಖಕ್ಕಾಗಿ ತಲೆಮಾರುಗಳ ಕಾಲ ಆಯ್ದು ಬೆಳೆಸಿದ ಕಾರಣ ಈ ತಳಿಯ ಮೂಗಿನ ಹೊಳ್ಳೆಗಳು ಕಿರಿದು; ಬಾಯೊಳಗಿನ ಮೃದು ಅಂಗುಳ ಗಂಟಲಿಗೆ ಅಡ್ಡ ಬರುವಷ್ಟು ಉದ್ದ. ನಾಯಿಗಳು ಬೆವರಿ ಮೈ ತಂಪು ಮಾಡಿಕೊಳ್ಳುವ ಪ್ರಾಣಿಗಳಲ್ಲ, ಏದುಸಿರಿನಿಂದ ಮಾಡಿಕೊಳ್ಳುತ್ತವೆ. ಉಸಿರಿನ ದಾರಿಯೇ ಕಿರಿದಾದ ನಾಯಿಗೆ ಬೇಸಿಗೆ ಪ್ರಾಣಾಪಾಯ. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಗ್‌ಗಳು ವರ್ಷವೊಂದರಲ್ಲಿ ಯಾವುದಾದರೊಂದು ಕಾಯಿಲೆಗೆ ತುತ್ತಾಗುವ ಸಾಧ್ಯತೆ ಇತರ ನಾಯಿಗಳಿಗಿಂತ ಸುಮಾರು ಎರಡು ಪಟ್ಟು. ಇಂಗ್ಲೆಂಡಿನ ತಂಪು ಹವೆಯಲ್ಲೇ ಹೀಗಾದರೆ ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಅದರ ಪಾಡು ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಪಗ್ ಒಂದೇ ಅಲ್ಲ. ಇಂಗ್ಲಿಷ್ ಬುಲ್‌ಡಾಗ್‌ಗಳ ಹೆರಿಗೆ ಬಹುತೇಕ ಸಿಸೇರಿಯನ್ ಮೂಲಕವೇ ಆಗಬೇಕು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ದೋಷ, ಉದ್ದ ಬೆನ್ನಿನ ಡಾಕ್ಸ್‌ಹುಂಡ್‌ಗೆ ಬೆನ್ನುಮೂಳೆಯ ತೊಂದರೆ ತಪ್ಪಿದ್ದಲ್ಲ. ಹಿಮದಲ್ಲಿ ಬಂಡಿ ಎಳೆಯಲೆಂದು ರೂಪುಗೊಂಡ ಸೈಬೀರಿಯನ್ ಹಸ್ಕಿ ಇಂದು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಹವಾನಿಯಂತ್ರಿತ ಕೊಠಡಿಯಲ್ಲಿ ಕಾಲ ಕಳೆಯುತ್ತಿದೆ. ಅದಕ್ಕೆ ಬೇಕಾದ ದಿನನಿತ್ಯದ ಓಟಕ್ಕೆ ಅಲ್ಲಿ ಜಾಗವೂ ಇಲ್ಲ, ಒಡೆಯನಿಗೆ ಬಿಡುವೂ ಇಲ್ಲ. ಆ ವಿದ್ಯುತ್ ಬಿಲ್ಲನ್ನು ಮರಿಯ ಬೆಲೆಯ ಜತೆ ಸೇರಿಸುವವರು ವಿರಳ.

ಈ ವಿಚಾರವನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದ್ದು 2022ರ ಜೂನ್‌ನಲ್ಲಿ ತೆರೆಕಂಡ ಚಿತ್ರ. ಕಿರಣ್‌ರಾಜ್ ಕೆ. ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ '777 ಚಾರ್ಲಿ'ಯ ಲ್ಯಾಬ್ರಡಾರ್, ಮರಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ನಾಯಿ. ಅದಕ್ಕೆ ಕ್ಯಾನ್ಸರ್, ಹತ್ತಿರದ ರಕ್ತಸಂಬಂಧಿ ನಾಯಿಗಳನ್ನೇ ಕೂಡಿಸಿ ಮರಿ ಪಡೆಯುವ ದಂಧೆಯತ್ತ ಚಿತ್ರ ಬೆರಳು ತೋರಿಸಿತು. ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯೂ ಅದಕ್ಕೆ ಸಂದಿತು. ಆದರೆ ನಾಯಿಯ ಚಿತ್ರ ಗೆದ್ದಾಗಲೆಲ್ಲ ಒಂದು ಅಪಾಯವೂ ಇದೆ. ಪ್ರೇಕ್ಷಕ ಸಂದೇಶವನ್ನು ಮರೆತು ತಳಿಯನ್ನು ನೆನಪಿಟ್ಟುಕೊಂಡರೆ ಲಾಭವಾಗುವುದು ಚಿತ್ರ ಖಂಡಿಸಿದ ವ್ಯಾಪಾರಿಗೇ.

ಹೆಣ್ಣು ನಾಯಿ ತೆರುವ ಬೆಲೆ

ಖರೀದಿದಾರನ ರಸೀದಿಯಲ್ಲಿ ಕಾಣದ ಇನ್ನೊಂದು ವೆಚ್ಚವಿದೆ. ಅದನ್ನು ತೆರುವುದು ಮರಿಯ ತಾಯಿ. ಲ್ಯಾಬ್ರಡಾರ್‌ನಂಥ ತಳಿ ಒಂದು ಸೂಲಿಗೆ ಆರೇಳು ಮರಿ ಹಾಕುವುದು ಸಾಮಾನ್ಯ. ಮರಿಯೊಂದಕ್ಕೆ 15 ಸಾವಿರವೆಂದರೂ ಒಂದು ಸೂಲಿನಿಂದ ಲಕ್ಷ ರೂಪಾಯಿ ಬರುತ್ತದೆ. ತಾಯಿಗೆ ಬಿಡುವು ಕೊಟ್ಟಷ್ಟೂ ಆದಾಯ ಕಡಿಮೆ. ಮರಿಯನ್ನು ತಾಯಿಯ ಹಾಲಿನಿಂದ ಬೇಗ ಬಿಡಿಸಿದಷ್ಟೂ ಸಾಕಣೆಯ ಖರ್ಚು ಕಡಿಮೆ. ಲಾಭದ ಈ ಎರಡು ಸೂತ್ರಗಳೇ ಕತ್ತಲ ಕೋಣೆಗಳಲ್ಲಿ, ಮನೆಯ ಮಾಳಿಗೆಗಳಲ್ಲಿ ನಡೆಯುವ ಮರಿ ಉತ್ಪಾದನೆಯ ಮೂಲ.

ಇದನ್ನು ತಡೆಯಲು ಕಾನೂನೇ ಇಲ್ಲವೆಂದಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಕೇಂದ್ರ ಸರ್ಕಾರ 2017ರಲ್ಲಿ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳನ್ನೂ, 2018ರಲ್ಲಿ ಸಾಕುಪ್ರಾಣಿ ಅಂಗಡಿ ನಿಯಮಗಳನ್ನೂ ಹೊರಡಿಸಿತು. ಅವುಗಳ ಪ್ರಕಾರ ನಾಯಿ ಸಂವರ್ಧಕರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಗೆ ಗುರುತಿನ ಮೈಕ್ರೋಚಿಪ್ ಅಳವಡಿಸಿರಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯನ್ನು ಕೂಡಿಸುವಂತಿಲ್ಲ. ನಾಯಿಗಳ ಆರೋಗ್ಯ, ಹೆರಿಗೆ, ಮಾರಾಟದ ದಾಖಲೆ ಇಡಬೇಕು.

ಇವಿಷ್ಟನ್ನೂ ಕಟ್ಟುನಿಟ್ಟಾಗಿ ಪಾಲಿಸಿದರೆ ಮರಿಯ ಬೆಲೆ ಏರುತ್ತದೆ. ವಾಸ್ತವವಾಗಿ ಅಗ್ಗದ ತಳಿ ಮರಿ ಎಂಬುದು ಯಾರೋ ನಿಯಮ ಮುರಿದ ಕಾರಣದಿಂದ ಅಗ್ಗವಾದದ್ದು. ನೋಂದಣಿ ಸಂಖ್ಯೆ ಕೇಳುವ, ತಾಯಿ ನಾಯಿಯನ್ನು ತೋರಿಸಿ ಎನ್ನುವ ಖರೀದಿದಾರ ಇಲ್ಲದಿರುವುದರಿಂದ ಆ ವ್ಯಾಪಾರ ನಡೆಯುತ್ತದೆ. ಜಾಲತಾಣದಲ್ಲಿ ಚಿತ್ರ ನೋಡಿ, ಮುಂಗಡ ಕಳುಹಿಸಿ, ರಸ್ತೆ ಬದಿಯಲ್ಲಿ ಪೆಟ್ಟಿಗೆಯಿಂದ ಮರಿ ಎತ್ತಿಕೊಳ್ಳುವಾಗ ತಾಯಿ ಎಲ್ಲಿದೆ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಇರುವ ನಿಯಮ ಜಾರಿಗೊಳಿಸುವ ಬದಲು ಹೊಸ ನಿಷೇಧಕ್ಕೆ ಕೈಹಾಕಿದ ಉದಾಹರಣೆಯೂ ಉಂಟು. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೈಲರ್, ವುಲ್ಫ್‌ಡಾಗ್ ಸೇರಿ 23 ತಳಿಗಳ ಮಾರಾಟ, ಸಂವರ್ಧನೆ ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ ಈ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ರದ್ದುಪಡಿಸಿತು. ಒಂದು ತಿಂಗಳೊಳಗೆ ಬಂದು ಹೋದ ಆ ಆದೇಶದಿಂದ ಮರಿ ಮಾರುಕಟ್ಟೆಯ ರೀತಿ ನೀತಿಯಲ್ಲಿ ಬದಲಾವಣೆಯೇನೂ ಆಗಲಿಲ್ಲ.

ದತ್ತು: ಸುಲಭವಲ್ಲದ ಸತ್ಕಾರ್ಯ

ಇನ್ನೊಂದು ಬದಿಯ ಚಿತ್ರವೂ ಪೂರ್ಣ ಹಸಿರಲ್ಲ. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ, 2013ರಲ್ಲಿ ಆರಂಭವಾದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರು ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಮೊದಲಾದ ಸಂಸ್ಥೆಗಳು ರಕ್ಷಿಸಿದ ಪ್ರಾಣಿಗಳಿಗೆ ಆಸರೆ ನೀಡುತ್ತ ಬಂದಿವೆ. ಇಂಥ ಆಶ್ರಯಧಾಮಗಳಲ್ಲಿ ಸಾಮಾನ್ಯವಾಗಿ ದತ್ತು ಕೇಳಿ ಬಂದವರ ಮನೆಯ ಸ್ಥಿತಿ, ಕುಟುಂಬದವರ ಒಪ್ಪಿಗೆ, ಬಾಡಿಗೆ ಮನೆಯಾದರೆ ಮಾಲೀಕರ ಅನುಮತಿ ವಿಚಾರಿಸುವ ಪದ್ಧತಿಯಿದೆ. 'ಪುಕ್ಕಟೆ ನಾಯಿ ಕೊಡಲು ಇಷ್ಟೊಂದು ಪ್ರಶ್ನೆಯೇ' ಎಂದು ಬೇಸರಿಸುವವರಿದ್ದಾರೆ. ಹಣ ಕೊಟ್ಟರೆ ಒಂದು ಪ್ರಶ್ನೆಯನ್ನೂ ಕೇಳದೆ ಮರಿ ಕೈಗಿಡುವ ಅಂಗಡಿಯವನಿಗೆ ಹೋಲಿಸಿದರೆ ಈ ಪ್ರಶ್ನೆಗಳ ಬೆಲೆ ತಿಳಿಯುತ್ತದೆ.

ದತ್ತಿನ ತೊಡಕುಗಳು ನಿಜವಾದವು. ಕೇಳುವವರೆಲ್ಲರಿಗೂ ಪುಟ್ಟ ಮರಿ ಬೇಕು; ಬೆಳೆದ ನಾಯಿ, ಕುಂಟು ನಾಯಿ, ಮುದಿ ನಾಯಿ ಹಾಗೆಯೇ ಉಳಿಯುತ್ತವೆ. ಬೀದಿ ಮರಿ ದೊಡ್ಡದಾದಾಗ ಎಷ್ಟು ಎತ್ತರ, ಯಾವ ಸ್ವಭಾವ ಎಂದು ಮೊದಲೇ ಹೇಳುವುದು ಕಷ್ಟ. ಹೊಡೆತ, ಅಪಘಾತ ಕಂಡ ನಾಯಿ ಮನುಷ್ಯರನ್ನು ನಂಬಲು ತಿಂಗಳುಗಳೇ ಹಿಡಿಯಬಹುದು. ಚಿಕ್ಕ ಮಕ್ಕಳಿರುವ ಮನೆಯವರು, ವೃದ್ಧ ದಂಪತಿ ಇಂಥ ಗಾತ್ರದ, ಇಂಥ ಸ್ವಭಾವದ ನಾಯಿಯೇ ಬೇಕೆಂದು ಬಯಸಿದರೆ ಅದನ್ನು ದೊಡ್ಡಸ್ತಿಕೆ ಎಂದು ಹೀಗಳೆಯುವುದು ಸರಿಯಲ್ಲ. ಹೆಣ್ಣು ನಾಯಿಯನ್ನು ಸರಿಯಾಗಿ ನೋಡಿಕೊಂಡು, ನಿಯಮ ಪಾಲಿಸಿ ಮರಿ ಕೊಡುವ ಸಂವರ್ಧಕರೂ ಇದ್ದಾರೆ.

ನಗರದ ವಸತಿ ವ್ಯವಸ್ಥೆಯೂ ದತ್ತಿಗೆ ಅಡ್ಡಿ. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೂ 'ನಾಯಿ ಇದ್ದರೆ ಮನೆ ಇಲ್ಲ' ಎನ್ನುವ ಮಾಲೀಕರ ಎದುರು ಬಾಡಿಗೆದಾರ ಮಾರ್ಗಸೂಚಿ ಓದಿ ಹೇಳಲಾರ. ಅನೇಕ ಕಡೆ ಲಿಫ್ಟ್‌ನಲ್ಲಿ ಲ್ಯಾಬ್ರಡಾರ್ ಕಂಡು ನಗುವ ನೆರೆಹೊರೆಯವರೇ ಕಂದು ಬಣ್ಣದ ನಾಡನಾಯಿ ಕಂಡು ದೂರು ಬರೆಯುತ್ತಾರೆ. ಎರಡಕ್ಕೂ ಅದೇ ಲಸಿಕೆ ಹಾಕಿಸಿದ್ದರೂ ಸಂಶಯ ಬೀಳುವುದು ಬೀದಿಯಿಂದ ಬಂದುದರ ಮೇಲೆ.

ಬೀದಿಯ ಲೆಕ್ಕ

ಆ ಸಂಶಯಕ್ಕೆ ಕಾರಣವಿಲ್ಲದಿಲ್ಲ. ರಾಜ್ಯದಲ್ಲಿ 2024ರಲ್ಲಿ ಸುಮಾರು 3.6 ಲಕ್ಷ ನಾಯಿ ಕಡಿತದ ಪ್ರಕರಣಗಳು ವರದಿಯಾದವು. ರೇಬೀಸ್‌ಗೆ 42 ಮಂದಿ ಬಲಿಯಾದರೆಂದು ಲೆಕ್ಕ ಸಿಕ್ಕಿತು. ರೋಗಲಕ್ಷಣ ಕಾಣಿಸಿದ ಬಳಿಕ ಬದುಕುವುದು ಅಸಾಧ್ಯವೆನಿಸಿದ ಈ ಕಾಯಿಲೆಯ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ ಎಂದು ಕರ್ನಾಟಕ 2022ರ ಡಿಸೆಂಬರ್‌ನಲ್ಲಿ ಘೋಷಿಸಿತ್ತು. ಬೆಳಗಿನ ಜಾವ ಹಾಲು ತರಲು ಹೊರಡುವ ಮುದುಕರಿಗೆ, ಶಾಲೆಗೆ ನಡೆದು ಹೋಗುವ ಮಗುವಿಗೆ ನಾಯಿ ಹಿಂಡಿನ ಭಯ ಕಲ್ಪನೆಯಲ್ಲ.

ಬೆಂಗಳೂರಿನ 2019ರ ಗಣತಿಯಲ್ಲಿ ಬೀದಿನಾಯಿಗಳ ಸಂಖ್ಯೆ ಸುಮಾರು 3.10 ಲಕ್ಷ ಇದ್ದುದು 2023ರ ಸಮೀಕ್ಷೆಯಲ್ಲಿ 2,79,335ಕ್ಕೆ ಇಳಿಯಿತು. ಸಂತಾನಶಕ್ತಿಹರಣ ಚಿಕಿತ್ಸೆ ಪಡೆದ ನಾಯಿಗಳ ಪ್ರಮಾಣ ಶೇ 51ರಿಂದ ಶೇ 71.85ಕ್ಕೆ ಏರಿತು. ಈ ಕೆಲಸ ಬಿಡದೆ ಮಾಡಿದಲ್ಲಿ ಫಲ ಉಂಟೆಂಬುದಕ್ಕೆ ಇದು ಸಾಕ್ಷಿ. ಆದರೆ ಉಳಿದ ಶೇ 28ರಷ್ಟು ಎಂದರೆ 78 ಸಾವಿರಕ್ಕೂ ಹೆಚ್ಚು ನಾಯಿಗಳು. ಅವುಗಳ ಮರಿಗಳಲ್ಲಿ ಬದುಕುಳಿಯುವುದು ಕೆಲವೇ. ಉಳಿದವುಗಳಿಗೆ ವಾಹನದ ಚಕ್ರ, ಪಾರ್ವೊ, ಡಿಸ್ಟೆಂಪರ್.

2025ರ ಆಗಸ್ಟ್ 11ರಂದು ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಲ್ಲಿ ಇಡುವಂತೆ ಸುಪ್ರೀಂ ಕೋರ್ಟ್‌ನ ದ್ವಿಸದಸ್ಯ ಪೀಠ ಆದೇಶಿಸಿತು. ದೇಶವ್ಯಾಪಿ ಚರ್ಚೆಯ ನಡುವೆ ಆಗಸ್ಟ್ 22ರಂದು ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿತು. ರೇಬೀಸ್ ಸೋಂಕಿನ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಯ ಬಳಿಕ ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ಪ್ರಕರಣದ ವ್ಯಾಪ್ತಿಯನ್ನು ಎಲ್ಲ ರಾಜ್ಯಗಳಿಗೂ ಹಿಗ್ಗಿಸಿತು. ನವೆಂಬರ್ 7ರಂದು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೇ ಬಿಡಬಾರದು, ಆಶ್ರಯಧಾಮಕ್ಕೆ ಸೇರಿಸಬೇಕು ಎಂದು ನಿರ್ದೇಶಿಸಿತು.

ಆಗಸ್ಟ್ 22ರ ಆದೇಶದಲ್ಲಿ ಹೆಚ್ಚು ಚರ್ಚೆಯಾಗದ ಒಂದು ಅಂಶವಿದೆ. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ಬೀದಿನಾಯಿಯನ್ನು ದತ್ತು ಪಡೆಯಬಹುದು. ಆ ನಾಯಿಗೆ ಗುರುತು ಪಟ್ಟಿ ತೊಡಿಸಿ ಕೊಡಬೇಕು. ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ದತ್ತು ಪಡೆದವರ ಹೊಣೆ. ಆಶ್ರಯಧಾಮಕ್ಕೆ ಒಳಬರುವ ದಾರಿ ಅಗಲವಾಗಿ ಹೊರಹೋಗುವ ದಾರಿ ಕಿರಿದಾಗಿದ್ದರೆ ಎಷ್ಟು ಕಟ್ಟಡ ಕಟ್ಟಿದರೂ ಸಾಲದು. ದತ್ತು ಆ ಹೊರದಾರಿಗಳಲ್ಲಿ ಒಂದು. ಆದರೆ 2.79 ಲಕ್ಷ ನಾಯಿಗಳನ್ನು ದತ್ತಿನಿಂದಲೇ ಮನೆ ಸೇರಿಸಬಹುದೆಂಬುದು ಭ್ರಮೆ. ಶಸ್ತ್ರಚಿಕಿತ್ಸೆ ಮತ್ತು ಲಸಿಕೆಗೆ ಅದು ಬದಲಿಯಲ್ಲ, ಪೂರಕ.

ಹಿತ್ತಲ ಗಿಡ

ವಿದೇಶಿ ತಳಿ ಮತ್ತು ಬೀದಿನಾಯಿಯ ನಡುವೆ ಕರ್ನಾಟಕಕ್ಕೆ ತನ್ನದೇ ಆದ ಮೂರನೆಯ ಕಥೆಯಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949–50ರ ಕಾಲದ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿನದು. ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ, ಬೇಕಾದುದನ್ನು ಬೇಡು ಎಂದಾಗ ಹೊನ್ನು ಕೇಳದೆ ಕಾಳಿಯನ್ನು ಕೇಳಿದ. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಡಲಾಯಿತು. ಸಾವಿರ ವರ್ಷಗಳ ಹಿಂದೆ ನಾಯಿಗೆ ಇಷ್ಟು ಬೆಲೆ ಕಟ್ಟಿದ ನಾಡು ಇದು.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇಂದು ಆ ಪರಂಪರೆಯ ಪ್ರಸಿದ್ಧ ಹೆಸರು. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶಿ ತಳಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ನಡೆಸುತ್ತಿದೆ. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಮುಧೋಳ ಮರಿಗಳು ತರಬೇತಿಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಹೊಗಳಿದ ಮೇಲೆ ಅದರ ಹೆಸರು ದೇಶಕ್ಕೆಲ್ಲ ಹರಡಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಿದ್ದವರೂ ಮುಧೋಳ ಮರಿ ವಿಚಾರಿಸತೊಡಗಿದರು.

ಎಚ್ಚರ ಬೇಕಾದದ್ದು ಇಲ್ಲಿಯೇ. ಮುಧೋಳ ಬಯಲಿನಲ್ಲಿ ಮೊಲದ ಬೆನ್ನಟ್ಟಿ ಓಡಲು ರೂಪುಗೊಂಡ ನಾಯಿ. ಬಿಸಿಲು ತಾಳುವುದು ನಿಜ, ಎರಡು ಕೊಠಡಿಯ ಮನೆಯಲ್ಲಿ ಕಟ್ಟಿಹಾಕಿದರೆ ತಾಳದು ಎಂಬುದೂ ನಿಜ. ದೇಶಾಭಿಮಾನದಿಂದ ಕೊಂಡರೂ, ತೋರಿಕೆಗೆಂದು ಕೊಂಡರೂ ನಾಯಿಯ ಅಗತ್ಯ ಒಂದೇ. ಮುಧೋಳದ ಸುತ್ತಮುತ್ತ ಇದನ್ನೇ ಕಸುಬಾಗಿಸಿಕೊಂಡ ಕುಟುಂಬಗಳಿಗೆ ಬೇಡಿಕೆ ಒಳ್ಳೆಯದು. ಆದರೆ ಬೇಡಿಕೆಯ ಬೆನ್ನು ಹತ್ತಿ ರಕ್ತಸಂಬಂಧದಲ್ಲೇ ಮರಿ ಪಡೆಯುವ ಚಾಳಿ ಶುರುವಾದರೆ ಪಗ್‌ನ ಕಥೆ ಇಲ್ಲಿಯೂ ಮರುಕಳಿಸಬಹುದು.

ಐವತ್ತು ರೂಪಾಯಿಯ ಕಾನೂನು

ಖರೀದಿ ಮತ್ತು ದತ್ತು ಎರಡೂ ದಾರಿಗಳು ಕೂಡುವ ಒಂದು ಜಾಗವಿದೆ. ಸಾಕಲಾಗದ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಹೆದ್ದಾರಿಯ ಬದಿಯಲ್ಲಿ, ಕೆರೆ ಏರಿಯ ಮೇಲೆ, ಆಶ್ರಯಧಾಮದ ಬಾಗಿಲಲ್ಲಿ ಬಿಟ್ಟು ಬರುವ ಕ್ಷಣ ಅದು. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಒಂಟಿತನ ಕಳೆಯಲು ಮರಿ ತಂದವರು ಕಚೇರಿಗಳು ತೆರೆದ ಮೇಲೆ ಅವನ್ನು ಕೈಬಿಟ್ಟ ವರದಿಗಳು ನಗರಗಳಿಂದ ಬಂದಿದ್ದವು. ಮುದಿಯಾದ ಹೆಣ್ಣು ನಾಯಿಯನ್ನು ಮರಿ ವ್ಯಾಪಾರಿ ಬೀದಿಗೆ ಬಿಡುವುದೂ ಇದೇ ರೀತಿ. ತಳಿ ನಾಯಿಗೆ ಬೀದಿಯಲ್ಲಿ ಆಹಾರ ಹುಡುಕಲು ಬಾರದು; ಅಲ್ಲಿನ ನಾಯಿಗಳು ತಮ್ಮ ಎಲ್ಲೆಯೊಳಗೆ ಬಿಟ್ಟುಕೊಳ್ಳವು. ಶಸ್ತ್ರಚಿಕಿತ್ಸೆಯಾಗದ ನಾಯಿ ಬದುಕುಳಿದರೆ ಬೀದಿಯ ಸಂಖ್ಯೆಗೆ ತನ್ನ ಮರಿಗಳನ್ನೂ ಸೇರಿಸುತ್ತದೆ.

ಇದಕ್ಕೆ ಶಿಕ್ಷೆಯೇನು? 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ಕಾಯ್ದೆ ಬಂದ ಕಾಲಕ್ಕೆ 50 ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ. ಇಂದು ಅದು ನಾಯಿ ಬಿಸ್ಕತ್ತಿನ ಒಂದು ಪೊಟ್ಟಣದ ಬೆಲೆಗೂ ಸಾಲದು. ಪ್ರಾಣಿಯನ್ನು ಕೊಂದರೆ ಅಥವಾ ಊನಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯಡಿ ಐದು ವರ್ಷದವರೆಗೆ ಜೈಲು ಇದೆ. ಸಾಯಲು ಬಿಟ್ಟು ಬಂದವನಿಗೆ 50 ರೂಪಾಯಿ. ದಂಡ ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ 2022ರ ನವೆಂಬರ್‌ನಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಮೂರು ವರ್ಷ ಕಳೆದರೂ ಅದು ಕಾಯ್ದೆಯ ರೂಪ ಪಡೆಯಲಿಲ್ಲ.

ದಂಡ ಏರಿಸುವುದರಿಂದಲೇ ಎಲ್ಲವೂ ಸರಿಹೋಗದು. ಬಿಟ್ಟ ನಾಯಿ ಯಾರದೆಂದು ತಿಳಿಯದಿದ್ದರೆ ದಂಡ ಹಾಕುವುದು ಯಾರಿಗೆ? ಮಾರುವ ಪ್ರತಿ ಮರಿಗೂ ಮೈಕ್ರೋಚಿಪ್ ಇರಬೇಕೆಂಬ 2017ರ ನಿಯಮ ಜಾರಿಯಾಗಿದ್ದರೆ ಹೆದ್ದಾರಿ ಬದಿಯ ಹಸ್ಕಿಯ ಒಡೆಯನನ್ನು ನಿಮಿಷದಲ್ಲಿ ಪತ್ತೆ ಮಾಡಬಹುದಿತ್ತು. ಬೆಂಗಳೂರಿನ ಸಾಕುನಾಯಿಗಳಿಗಾಗಿ ಪಾಲಿಕೆ 2018ರಲ್ಲಿ ತಂದ ಉಪವಿಧಿ, ಫ್ಲಾಟ್‌ಗೆ ಒಂದೇ ನಾಯಿ ಎಂಬ ಮಿತಿಯಿಂದಾಗಿ ವಿರೋಧಕ್ಕೆ ಗುರಿಯಾಯಿತು. ಸಂಖ್ಯೆಯ ಮಿತಿಗಾಗಿ ನಡೆದ ಜಗಳದಲ್ಲಿ ಗುರುತು, ನೋಂದಣಿ, ಲಸಿಕೆಯ ವಿಷಯ ಹಿಂದೆ ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಹೊಸದಾಗಿ ಆರಂಭಿಸಲು ಅವುಗಳಿಗೆ ಇದು ಅವಕಾಶ.

ಮಾಡಬೇಕಾದ ಕೆಲಸ ಹೊಸತೇನಲ್ಲ. ನೋಂದಣಿ ಸಂಖ್ಯೆ ಇಲ್ಲದ ಮರಿ ಜಾಹೀರಾತನ್ನು ತೆಗೆಸುವುದು, ಮಾರಾಟವಾಗಲಿ ದತ್ತಾಗಲಿ ಮೈಕ್ರೋಚಿಪ್ ಕಡ್ಡಾಯಗೊಳಿಸುವುದು, ದತ್ತು ಪಡೆದ ನಾಯಿಯ ಲಸಿಕೆ ಮತ್ತು ಶಸ್ತ್ರಚಿಕಿತ್ಸೆಯನ್ನು ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಸುಲಭಗೊಳಿಸುವುದು, ಸಾಕಲಾರದವರು ನಾಯಿಯನ್ನು ಬೀದಿಗೆ ಬಿಡುವ ಬದಲು ಶುಲ್ಕ ಕಟ್ಟಿ ಒಪ್ಪಿಸುವ ವ್ಯವಸ್ಥೆ ಮಾಡುವುದು. ಇವಕ್ಕೆಲ್ಲ ಆಧಾರ ಈಗಿರುವ ಕಾನೂನಿನಲ್ಲಿಯೇ ಬಹುಮಟ್ಟಿಗೆ ಇದೆ.

ಮನೆಗೆ ನಾಯಿ ತರುವವರ ಮುಂದಿರುವ ಪ್ರಶ್ನೆಯೂ ಸರಳ. ಮರಿಯ ಬೆಲೆ ಎಷ್ಟು ಎಂಬುದಲ್ಲ, ಹನ್ನೆರಡು ವರ್ಷ ಪ್ರತಿ ತಿಂಗಳೂ ಅದಕ್ಕೆ ಹಣ, ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಮೀಸಲಿಡಬಲ್ಲೆವೇ ಎಂಬುದು. ಹೌದು ಎನ್ನುವವರಿಗೆ ಆಶ್ರಯಧಾಮದ ಬಾಗಿಲು ತೆರೆದಿದೆ. ಈ ನಾಡಿನ ಬಿಸಿಲು ಮಳೆಗೆ ಒಗ್ಗಿದ, ತಳಿಯ ಕಾಯಿಲೆಗಳ ಹೊರೆ ಕಡಿಮೆ ಇರುವ ನಾಯಿಗಳು ಅಲ್ಲಿ ಕಾದಿವೆ. ತಳಿ ನಾಯಿಯೇ ಬೇಕೆನ್ನುವವರು ತಾಯಿಯನ್ನು ನೋಡಿ, ನೋಂದಣಿ ಕೇಳಿ, ನ್ಯಾಯವಾದ ಬೆಲೆ ಕೊಟ್ಟು ತರಲಿ. ಇಲ್ಲ ಎನ್ನುವವರು ಲಕ್ಷದ ಮರಿಯನ್ನೂ ತರಬಾರದು, ಬೀದಿಯ ಮರಿಯನ್ನೂ ತರಬಾರದು. ಅವರು ಬಿಟ್ಟು ಬಂದ ನಾಯಿಯ ಉಳಿದ ಕಂತುಗಳನ್ನು ಆಶ್ರಯಧಾಮ ಕಟ್ಟಬೇಕಾಗುತ್ತದೆ, ಊರಿನವರು ಕಟ್ಟಬೇಕಾಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಆ ನಾಯಿಯೇ ಕಟ್ಟಬೇಕಾಗುತ್ತದೆ.